ಚಳಿ ಸುದ್ದಿ ಇರಲಿ, ಮೋಡದ ಸುದ್ದಿಯೂ ಕೊಡಿ

ಮಾನ್ಯ ಸಂಪಾದಕರೇ,

ಸಂಕ್ರಾಂತಿ ಹತ್ತಿರ ಬಂತೆಂದರೆ ‘ಮಲೆನಾಡು ಗಡಗಡ’ ಎಂಬ ತಲೆಬರಹ ಖಾಯಂ. ಬೆಂಕಿ ಕಾಯಿಸುವವರ ಫೋಟೊ, ಕೆಳಗೆ ಶಿವಮೊಗ್ಗದ ಕನಿಷ್ಠ ಉಷ್ಣಾಂಶ, ಕೊನೆಗೆ ಶಿವರಾತ್ರಿವರೆಗೂ ಇದೇ ಚಳಿ ಅನ್ನೋ ಒಂದು ಸಾಲು. ಅಂಗಳದಲ್ಲಿ ಅಡಿಕೆ ಹರವಿಕೊಂಡವರಿಗೆ ಇದರಿಂದ ಏನು ಉಪಯೋಗ? ನಾವು ಕೇಳುವುದು ಇಷ್ಟೇ: ನಾಲ್ಕೈದು ದಿನದಲ್ಲಿ ಮೋಡ ಕಟ್ಟುತ್ತದೋ, ಇಲ್ಲವೋ?

ನಮ್ಮ ಕಡೆ ಚಳಿ ಏರಿಳಿಯುವುದೂ ಹೆಚ್ಚಾಗಿ ಮೋಡದಿಂದಲೇ. ಆಕಾಶ ಶುಭ್ರವಾಗಿದ್ದರೆ ನೆಲದ ಕಾವು ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ, ಬೆಳಗಿನ ಜಾವ ಕಂಬಳಿ ಸಾಲುವುದಿಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಇತ್ತ ಬಂದರೆ ಅದೇ ರಾತ್ರಿ ಬೆಚ್ಚಗಾಗುತ್ತದೆ. ತಣ್ಣನೆ ಗಾಳಿ ತಗ್ಗಿಗೆ ಇಳಿದು ನಿಲ್ಲುವುದರಿಂದ ಗುಡ್ಡದ ಬುಡದ ತೋಟಕ್ಕೂ ಪೇಟೆಗೂ ಚಳಿಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಶಿಕಾರಿಪುರದ ಬಯಲಿಗೂ ಆಗುಂಬೆಗೂ ಸೇರಿಸಿ ಒಂದೇ ಅಂಕಿ ಹೇಳಿದರೆ ಹೇಗೆ?

ಹವಾಮಾನ ಇಲಾಖೆ ವರ್ಷದ ಕೊನೆಗೆ ಜನವರಿಯಿಂದ ಮಾರ್ಚ್‌ವರೆಗಿನ ಮುನ್ನೋಟ ಕೊಡುತ್ತದೆ. ಅದು ಮೂರು ತಿಂಗಳ ಸರಾಸರಿಯ ಮಾತು, ದೊಡ್ಡ ದೊಡ್ಡ ಪ್ರದೇಶಗಳ ಮಾತು. ಹೊಸನಗರದಲ್ಲಿ ಮುಂದಿನ ವಾರ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ, ಹೇಳುತ್ತೇನೆಂದೂ ಅಂದಿಲ್ಲ. ‘ಲಾ ನಿನಾ (ಸಮಭಾಜಕದ ಬಳಿ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ತಣ್ಣಗಾಗುವುದು) ಬಂತು, ಚಳಿ ಜಾಸ್ತಿ’ ಅನ್ನುವ ಲೆಕ್ಕವೂ ಇಲ್ಲಿ ಅಷ್ಟು ನೇರವಾಗಿಲ್ಲ. 2020–21ರ ಚಳಿಗಾಲ ಲಾ ನಿನಾದ್ದೇ. ಆದರೂ 2021ರ ಜನವರಿಯಲ್ಲಿ ಮಲೆನಾಡಿಗೆ ಮಳೆ ಸುರಿಯಿತಲ್ಲ!

ಬೇಯಿಸಿದ ಅಡಿಕೆಗೆ ಸಾಲಾಗಿ ಕೆಲವು ದಿನ ಗಟ್ಟಿ ಬಿಸಿಲು ಬೇಕು. ನಡುವೆ ಮೋಡ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ. ಮಂಡಿಯಲ್ಲಿ ಬಣ್ಣ ನೋಡಿಯೇ ದರ ಇಳಿಸುತ್ತಾರೆ. ಎರಡು ದಿನ ಮೊದಲೇ ಗೊತ್ತಾದರೆ ಕೊಯ್ಲು ಮುಂದೂಡಬಹುದು, ಟಾರ್ಪಾಲ್ ಹೊಂದಿಸಿಕೊಳ್ಳಬಹುದು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರನ್ನು ಹೇಳಿದ ದಿನಕ್ಕೆ ಕರೆಸುವುದು ಎಷ್ಟು ಕಷ್ಟ ಅಂತ ಗೊತ್ತಿದ್ದವರಿಗೆ ಗೊತ್ತು. ಹೂ ಬಿಟ್ಟ ಅಪ್ಪೆಮಿಡಿ (ಉಪ್ಪಿನಕಾಯಿ ಮಾವು) ಮರಕ್ಕೂ ಮೋಡ, ಇಬ್ಬನಿ ಆಗಿಬರುವುದಿಲ್ಲ. ಜಿಗಿಹುಳು, ಬೂದಿ ರೋಗ ಬರುತ್ತವೆ. ಇತ್ತ ಕಾಫಿಯವರಿಗೆ ಕಾಲವಲ್ಲದ ಮಳೆಗೆ ಹೂವು ಬೇಗ ಅರಳಿದರೆ ತಲೆನೋವು.

ಮಾಹಿತಿ ಇಲ್ಲ ಅಂತಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದ ಮುನ್ಸೂಚನೆ ಕೊಡುತ್ತದೆ, ‘ವರುಣ ಮಿತ್ರ’ ಸಹಾಯವಾಣಿಯೂ ಇದೆ. ಆದರೆ ನಮ್ಮ ಕಡೆ ನೆಟ್‌ವರ್ಕ್ ಗುಡ್ಡ ಹತ್ತಿದರೆ ಸಿಕ್ಕೀತು. ಪೇಪರು ಮಾತ್ರ ಬೆಳಗಿನ ಬಸ್ಸಿಗೆ ತಪ್ಪದೆ ಬರುತ್ತದೆ. ಹಾಗಾಗಿ ಜಿಲ್ಲಾ ಪುಟದಲ್ಲಿ ಅಂಗೈಯಗಲ ಜಾಗ ಕೊಟ್ಟು, ಮಾರ್ಚ್‌ವರೆಗಾದರೂ ಪ್ರತಿ ತಾಲ್ಲೂಕಿನ ಐದು ದಿನದ ಮೋಡ, ಮಳೆ ವಿವರ ಹಾಕಿ. ಅಡಿಕೆ ಧಾರಣೆ ಹಾಕುತ್ತೀರಲ್ಲ, ಅದರ ಪಕ್ಕದಲ್ಲೇ ಹಾಕಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು