ಹೋಯಿತು, ತೆಗೆಸಿದೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಬಸಿರು ತಾನಾಗಿಯೇ ಇಳಿದುಹೋದರೆ ಜನ "ಪಾಪ, ಹೋಯಿತಂತೆ" ಅನ್ನುತ್ತಾರೆ. ನನ್ನ ಬಗ್ಗೆ ಆಡಿದ್ದು ಬೇರೆ ಮಾತು: "ತೆಗೆಸಿಬಿಟ್ಟಳಂತೆ." ಹೋಯಿತು ಅಂದವಳನ್ನು ಸಂತೈಸುವವರಿದ್ದಾರೆ. ತೆಗೆಸಿದವಳು ಅತ್ತರೆ, ನೀನೇ ತಾನೇ ಒಪ್ಪಿದ್ದು ಅನ್ನುವ ನೋಟ.

ಇಪ್ಪತ್ತನೇ ವಾರದ ಸ್ಕ್ಯಾನ್‌ನಲ್ಲಿ ಗೊತ್ತಾಯಿತು, ಮಗುವಿಗೆ ಅನೆನ್ಸೆಫಲಿ. ತಲೆಬುರುಡೆಯೂ ಮೆದುಳಿನ ಬಹುಭಾಗವೂ ಬೆಳೆದೇ ಇರಲಿಲ್ಲ. ಹುಟ್ಟಿದರೂ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಎಂದರು. ಆದರೆ ಮಗುವಿನ ಎದೆ ಬಡಿಯುತ್ತಿತ್ತು. ಕಾಗದಕ್ಕೆ ಸಹಿ ಹಾಕುವಾಗಲೂ ಒಳಗಿಂದ ಒದೆಯುತ್ತಿತ್ತು.

ಏನು ತಿಂದೆ, ಏನು ಎತ್ತಿದೆ, ಯಾವ ಮಾತ್ರೆ ನುಂಗಿದೆ ಎಂದು ತಿಂಗಳುಗಟ್ಟಲೆ ಲೆಕ್ಕ ಹಾಕಿದೆ. ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಬೇಕಾದ ನರನಾಳ, ಅಂದರೆ ಮುಂದೆ ಮಗುವಿನ ಮೆದುಳು, ಬೆನ್ನುಹುರಿ ಆಗುವ ಕೊಳವೆ, ಮುಚ್ಚಿರಲಿಲ್ಲ, ನಾನು ಬಸುರಿ ಎಂದು ನನಗೆ ಸರಿಯಾಗಿ ತಿಳಿಯುವ ಹೊತ್ತಿಗೇ ಅದು ಮುಗಿದ ಸಂಗತಿ. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು. ಯಾರೂ ಹೇಳಲಿಲ್ಲ. ಮತ್ತೆ ಹೀಗಾಗುವ ಸಂಭವ ತಗ್ಗಿಸಲು ಮುಂದಿನ ಬಸಿರಿಗೆ ಮುಂಚಿನಿಂದಲೇ, ಎಲ್ಲ ಬಸುರಿಯರೂ ತೆಗೆದುಕೊಳ್ಳುವುದರ ಹತ್ತು ಪಟ್ಟು ಫೋಲಿಕ್ ಆಸಿಡ್ ಎಂಬ ವಿಟಮಿನ್ ಬೇಕು ಎಂಬುದೂ ನನಗೆ ತಿಳಿದದ್ದು ಬಹಳ ತಡವಾಗಿ.

ಮಾತ್ರೆ ಕೊಟ್ಟು ನೋವು ಬರಿಸಿದರು. ಹೆರಿಗೆಯೇ ಅದು, ಬೇರೆ ಹೆಸರಿಲ್ಲ. ಪಕ್ಕದ ಹಾಸಿಗೆಗಳಲ್ಲಿ ಎಳೆಗೂಸುಗಳು ಅಳುತ್ತಿದ್ದವು. ಮಗುವನ್ನು ನೋಡುತ್ತೀರಾ ಎಂದು ಒಮ್ಮೆ ಕೇಳಿದರು, ಹೆದರಿ ಬೇಡ ಅಂದೆ. ಇನ್ನೊಮ್ಮೆ ಕೇಳಬೇಕಿತ್ತು. ಆ 'ಬೇಡ' ನನ್ನ ಮಾತಲ್ಲ, ನನ್ನ ಭಯದ ಮಾತು.

ಮೂರನೇ ದಿನ ಮನೆಯಲ್ಲಿ ಎದೆ ಕಲ್ಲಿನಂತಾಗಿ ರವಿಕೆ ಒದ್ದೆಯಾಯಿತು. ಇಷ್ಟು ವಾರದ ಬಸಿರು ಮುಗಿದರೆ ಹಾಲು ಬರುತ್ತದೆಂದು, ಅದನ್ನು ತಡೆಯಲು ಮಾತ್ರೆ ಇದೆಯೆಂದು ಬಿಡುಗಡೆಯ ಚೀಟಿಯಲ್ಲಿ ಒಂದು ಸಾಲೂ ಇರಲಿಲ್ಲ. ರಕ್ತಸ್ರಾವದ ಬಗ್ಗೆ ಮಾತ್ರ ಅಚ್ಚುಕಟ್ಟಾಗಿ ಬರೆದಿದ್ದರು.

ತಪ್ಪು ತಿಳಿಯಬೇಡಿ, ನಾನು ಪಶ್ಚಾತ್ತಾಪ ಪಡುತ್ತಿಲ್ಲ. ನಾಳೆ ಅದೇ ಸ್ಕ್ಯಾನ್ ಕೈಗೆ ಬಂದರೆ ಅದೇ ನಿರ್ಧಾರ ಮಾಡುತ್ತೇನೆ, ಅಷ್ಟೇ ಅಳುತ್ತೇನೆ. ಇವೆರಡೂ ಒಂದೇ ಹೆಂಗಸಿನಲ್ಲಿರಬಹುದು ಎಂದು ಒಪ್ಪುವವರೇ ಕಡಿಮೆ. ಒಂದು ಲೆಕ್ಕದಲ್ಲಿ ನನ್ನದು ಸುಲಭದ ಪಾಡು, ಮಗು ಉಳಿಯುವ ಆಸೆಯೇ ಇರಲಿಲ್ಲ. ಉಳಿಯಬಹುದು, ಆದರೆ ಹೇಗೆ ಎಂದು ಯಾರೂ ಖಚಿತವಾಗಿ ಹೇಳಲಾಗದಾಗ ನಿರ್ಧರಿಸಬೇಕಾದ ತಾಯಂದಿರ ರಾತ್ರಿಗಳನ್ನು ನಾನು ಊಹಿಸಲಾರೆ.

ದೊಡ್ಡ ಯೋಜನೆ ಕೇಳುತ್ತಿಲ್ಲ. ನಮ್ಮನ್ನು ಎಳೆಮಕ್ಕಳಿರುವ ವಾರ್ಡಿನಲ್ಲಿ ಮಲಗಿಸಬೇಡಿ. ಹಾಲಿನ ವಿಷಯ ಮನೆಗೆ ಕಳಿಸುವ ಮುಂಚೆ ಹೇಳಿಸಿ. ಮಗುವಿಗೆ ಲಸಿಕೆ ಹಾಕಿಸಿ ಎಂಬ ಸಂದೇಶಗಳ ಪಟ್ಟಿಯಿಂದ ನಮ್ಮ ಫೋನ್ ನಂಬರ್ ತೆಗೆಸಿ, ನನಗೆ ಅಂಥವು ಮೂರು ಬಂದವು. ಗಂಡಂದಿರನ್ನೂ ಕೂರಿಸಿ ಮಾತಾಡಿಸಿ. ನನ್ನವರು ಓಡಾಟದ ಕೆಲಸವೆಲ್ಲ ಮುಗಿಸಿ, ತಿಂಗಳ ನಂತರ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು.

ಇನ್ನೊಂದಿದೆ. ಮಗು ಹುಟ್ಟಬೇಕಿದ್ದ ದಿನ ಬಂದೇ ಬರುತ್ತದೆ, ಅಷ್ಟರಲ್ಲಿ ಉಳಿದವರೆಲ್ಲ ಮರೆತಿರುತ್ತಾರೆ. ಆ ವಾರ ಆಸ್ಪತ್ರೆಯಿಂದ ಯಾರಾದರೂ ಒಮ್ಮೆ ಕರೆ ಮಾಡಿ, ಹೇಗಿದ್ದೀರಿ ಎಂದು ಕೇಳಲಿ. ತಾರೀಖು ಹುಡುಕುವ ಕಷ್ಟವೂ ಇಲ್ಲ. ನಮ್ಮ ಫೈಲಿನ ಮೊದಲ ಪುಟದಲ್ಲೇ ಬರೆದಿರುತ್ತದೆ.

ಇಂತಿ,
ಒಬ್ಬ ತಾಯಿ