ಹತ್ತು ಬಗೆ ಓದಿದೆವು, ವಿಜ್ಞಾನಕ್ಕೆ ಮಾತ್ರ ಪರದಾಟ

ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್ ರಜೆ ಶುರುವಾದ ದಿನವೇ ನನ್ನ ಮಗಳು ಒಂದು ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದಳು. ಆತ್ಮಕಥೆ, ಪ್ರವಾಸ, ನಾಟಕ, ಕವಿತೆ, ವಿಜ್ಞಾನ, ಅನುವಾದ ಅಂತ ಹತ್ತು ಬಗೆ, ಒಂದೊಂದಕ್ಕೂ ಒಂದು ಪುಸ್ತಕ, ಶಾಲೆ ತೆರೆಯುವುದರೊಳಗೆ ಮುಗಿಸಬೇಕು. ನಾನೂ ಸುಮ್ನೆ ಸೇರಿಕೊಂಡೆ. ಮುಗಿಸಿಯೂ ಬಿಟ್ಟೆವು!

ನಾನು ಕಾದಂಬರಿ ಬಿಟ್ಟು ಬೇರೇನೂ ಜಾಸ್ತಿ ಓದಿದವಳಲ್ಲ. ನಾಟಕವನ್ನು ನೋಡಬೇಕು, ಓದಿದರೆ ಬೇಜಾರು ಅಂದುಕೊಂಡಿದ್ದೆ. ಆದರೆ ಕಾರ್ನಾಡರ 1964ರ 'ತುಘಲಕ್' ಅನ್ನು ಇಬ್ಬರೂ ಪಾತ್ರ ಹಂಚಿಕೊಂಡು ಅಡುಗೆಮನೆಯಲ್ಲೇ ಗಟ್ಟಿಯಾಗಿ ಓದಿದೆವು, ದೋಸೆ ಸೀದು ಹೋಯಿತು, ಅದು ಬೇರೆ ಮಾತು. ಪ್ರವಾಸಕ್ಕೆ ಗೊರೂರರ 'ಅಮೆರಿಕಾದಲ್ಲಿ ಗೊರೂರು' ಸಿಕ್ಕಿತು, ಮಗಳು ನಕ್ಕಿದ್ದೇ ನಕ್ಕಿದ್ದು. ಕವಿತೆ ನನಗೆ ಅಷ್ಟಾಗಿ ಹಿಡಿಸಲಿಲ್ಲ.

ತೊಂದರೆ ಬಂದದ್ದು ವಿಜ್ಞಾನದಲ್ಲಿ. ನಮ್ಮೂರ ಗ್ರಂಥಾಲಯದ ಆ ಕಪಾಟಿನಲ್ಲಿ ಮಕ್ಕಳು ಓದುವಂಥದ್ದು ನಾಲ್ಕೇ ಪುಸ್ತಕ, ಒಂದರಲ್ಲಿ ಪ್ಲೂಟೊ ಇನ್ನೂ ಒಂಬತ್ತನೇ ಗ್ರಹ. ಅದನ್ನು ಗ್ರಹಗಳ ಪಟ್ಟಿಯಿಂದ ತೆಗೆದದ್ದು 2006ರಲ್ಲಿ, ಅಲ್ವಾ? ಮನೆ ಕಂದಾಯದ ಜೊತೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 2020ರಿಂದ 'ಓದುವ ಬೆಳಕು' ಅಂತ ಹಳ್ಳಿ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಡುತ್ತಿದ್ದಾರೆ, ಒಳ್ಳೆಯದೇ. ಆದರೆ ಕಾರ್ಡು ಹಿಡಿದು ಬಂದ ಮಗುವಿಗೆ ಕೊಡಲು ಹೊಸ ಪುಸ್ತಕವೂ ಬೇಕಲ್ಲ. ಬೇಸಿಗೆಗೆ ಮೊದಲು ಒಂದಿಷ್ಟು ಕನ್ನಡದ ವಿಜ್ಞಾನ ಪುಸ್ತಕಗಳನ್ನು ತರಿಸಿ ಎಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ.

ಚೀಟಿ ಇನ್ನೂ ಫ್ರಿಜ್ ಮೇಲೆಯೇ ಇದೆ. ದಸರಾ ರಜೆಗೆ ಇನ್ನೊಂದು ಬರೆಯುತ್ತಾಳಂತೆ.

– ಒಬ್ಬ ಓದುಗಿ, ತಿಪಟೂರು