ಯಾವ ಸದನದ ಸಾರ್ವತ್ರಿಕ ಚುನಾವಣೆ?

ಮಾನ್ಯ ಸಂಪಾದಕರೇ,

ನಮ್ಮ ಭಾಗದ ರಸ್ತೆಯೊಂದರ ಕಾಮಗಾರಿ ‘ಮುಂದಿನ ಸಾರ್ವತ್ರಿಕ ಚುನಾವಣೆಗೆ ಮೊದಲೇ’ ಮುಗಿಯಲಿದೆ ಎಂಬ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಅದು 2028ರಲ್ಲಿ ನಡೆಯಬೇಕಾದ ವಿಧಾನಸಭೆ ಚುನಾವಣೆಯೋ 2029ರ ಲೋಕಸಭೆ ಚುನಾವಣೆಯೋ ಎಂಬುದು ವರದಿಯ ಯಾವ ಸಾಲಿನಿಂದಲೂ ತಿಳಿಯಲಿಲ್ಲ. ಮಲೆನಾಡಿನಲ್ಲಿ ರಸ್ತೆಗಾಗಿ ಕಾಯುವವರಿಗೆ ಇನ್ನೊಂದು ಮಳೆಗಾಲವೆಂದರೆ ಸಣ್ಣ ಅಂತರವಲ್ಲ.

‘ಸಾರ್ವತ್ರಿಕ’ ಎಂಬುದು ‘ಸರ್ವತ್ರ’, ಅಂದರೆ ‘ಎಲ್ಲೆಡೆ’ ಎಂಬುದರಿಂದ ಬಂದ ಪದ. ಒಂದು ಸದನವನ್ನು ಹೊಸದಾಗಿ ರಚಿಸಲು ಅದರ ಎಲ್ಲ ಕ್ಷೇತ್ರಗಳಲ್ಲೂ ನಡೆಯುವುದು ಸಾರ್ವತ್ರಿಕ ಚುನಾವಣೆ. ರಾಜೀನಾಮೆ, ನಿಧನ ಅಥವಾ ಅನರ್ಹತೆಯಿಂದ ತೆರವಾದ ಸ್ಥಾನಕ್ಕಷ್ಟೇ ನಡೆಯುವುದು ಉಪಚುನಾವಣೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 14ನೇ ಸೆಕ್ಷನ್ ಲೋಕಸಭೆಯ ಸಾರ್ವತ್ರಿಕ ಚುನಾವಣೆಗೆ, 15ನೇ ಸೆಕ್ಷನ್ ವಿಧಾನಸಭೆಯ ಸಾರ್ವತ್ರಿಕ ಚುನಾವಣೆಗೆ ಸಂಬಂಧಿಸಿವೆ. ಅವಧಿಗೆ ಮುನ್ನ ಸದನ ವಿಸರ್ಜನೆಯಾಗಿ ನಡೆಯುವ ಮಧ್ಯಂತರ ಚುನಾವಣೆಯೂ ಸಾರ್ವತ್ರಿಕವೇ. ಗ್ರಾಮ ಪಂಚಾಯಿತಿಗಳ ಚುನಾವಣೆಗೂ ರಾಜ್ಯ ಚುನಾವಣಾ ಆಯೋಗ ಇದೇ ಪದವನ್ನು ಬಳಸುತ್ತದೆ. ಹೀಗಿರುವಾಗ ಸದನದ ಹೆಸರಿಲ್ಲದೆ ‘ಸಾರ್ವತ್ರಿಕ ಚುನಾವಣೆ’ ಎಂದಷ್ಟೇ ಬರೆದು ಅದನ್ನು ಲೋಕಸಭೆಗೆ ಮೀಸಲೆಂಬಂತೆ ಬಳಸುವುದು ಸರಿಯಲ್ಲ. 1952ರಿಂದ 1967ರವರೆಗೆ ನಮ್ಮ ರಾಜ್ಯದಲ್ಲಿ ಲೋಕಸಭೆ, ವಿಧಾನಸಭೆ ಚುನಾವಣೆಗಳೆರಡೂ ಒಟ್ಟಿಗೇ ನಡೆಯುತ್ತಿದ್ದವು. ಆಗ ಆ ಒಂದು ಪದವೇ ಸಾಕಾಗುತ್ತಿತ್ತು. ಆ ಕಾಲದ ರೂಢಿ ಉಳಿದುಕೊಂಡಿದೆಯೆಂದು ನನಗನ್ನಿಸುತ್ತದೆ.

ನಮ್ಮ ಬನವಾಸಿ ಶಿರಸಿ ತಾಲ್ಲೂಕಿನಲ್ಲಿದ್ದರೂ ಯಲ್ಲಾಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. 2018ರ ಮೇ 12ರಂದು ವಿಧಾನಸಭೆಗೆ, 2019ರ ಏಪ್ರಿಲ್ 23ರಂದು ಲೋಕಸಭೆಗೆ, ಅದೇ ವರ್ಷದ ಡಿಸೆಂಬರ್ 5ರಂದು ಮತ್ತೆ ವಿಧಾನಸಭೆಗೆ, ಹೀಗೆ 19 ತಿಂಗಳೊಳಗೆ ಮೂರು ಬಾರಿ ನಾವು ಮತಗಟ್ಟೆಯ ಮುಂದೆ ಸರದಿಯಲ್ಲಿ ನಿಂತೆವು. ಮೊದಲೆರಡು ಸಾರ್ವತ್ರಿಕ ಚುನಾವಣೆಗಳು, ಮೂರನೆಯದು ಉಪಚುನಾವಣೆ. ಎರಡನೆಯದು ಮಾತ್ರ ಸಾರ್ವತ್ರಿಕವೆಂದು ತಿಳಿದವರು ನಮ್ಮೂರಿನಲ್ಲಿ ಇಂದಿಗೂ ಇದ್ದಾರೆ. ಅವರಲ್ಲಿ ಹಲವರು ದಿನವೂ ಪತ್ರಿಕೆ ಓದುವವರೇ ಎಂಬುದು, ಶಿಕ್ಷಕನಾಗಿದ್ದು ಚುನಾವಣಾ ಕರ್ತವ್ಯವನ್ನೂ ನಿರ್ವಹಿಸಿದ ನನಗೆ ನೋವಿನ ಸಂಗತಿ.

ಆದ್ದರಿಂದ ‘ವಿಧಾನಸಭೆ ಸಾರ್ವತ್ರಿಕ ಚುನಾವಣೆ’, ‘ಲೋಕಸಭೆ ಸಾರ್ವತ್ರಿಕ ಚುನಾವಣೆ’ ಎಂದು ಸದನದ ಹೆಸರನ್ನು ಸೇರಿಸಿಯೇ ಬರೆಯುವಂತೆ ವರದಿಗಾರರಿಗೆ ಸೂಚಿಸಬೇಕೆಂದೂ, ಮೇಲೆ ಹೇಳಿದ ರಸ್ತೆ ಯಾವ ಚುನಾವಣೆಗೆ ಮೊದಲು ಮುಗಿಯಲಿದೆ ಎಂಬುದನ್ನು ವಿಚಾರಿಸಿ ಪ್ರಕಟಿಸಬೇಕೆಂದೂ ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಬನವಾಸಿ, ಶಿರಸಿ ತಾಲ್ಲೂಕು